ಕಣ್ಣಿನ ಗೂಡಿನ ಬಾವು: ಸೋಂಕೋ, ಉರಿಯೂತವೋ?

ಬಹಳ ಪ್ರೀತಿಪಾತ್ರರಾದವರನ್ನು ನಾವು ‘ಕಣ್ಮಣಿ’ ಎಂದು ಕರೆಯುತ್ತೇವೆ. ಬೆಲೆಯುಳ್ಳ ವಸ್ತುವನ್ನು ‘ಕಣ್ಣಿನಲ್ಲಿ ಕಣ್ಣಿಟ್ಟು’ ಕಾಯುತ್ತೇವೆ. ನಮ್ಮ ಮಾತಿನಲ್ಲಿ ಕಣ್ಣಿಗೆ ಸಲ್ಲುವ ಈ ಮರ್ಯಾದೆಯನ್ನು ಪ್ರಕೃತಿಯೂ ಸಲ್ಲಿಸಿದೆ. ಕಣ್ಣುಗುಡ್ಡೆಯನ್ನು ಅದು ಎಲುಬಿನ ಗೂಡೊಂದರಲ್ಲಿಟ್ಟು, ಸುತ್ತಲೂ ಕೊಬ್ಬಿನ ಮೆತ್ತೆಯನ್ನು ಹಾಸಿ, ಮುಂದುಗಡೆ ರೆಪ್ಪೆಗಳ ಬಾಗಿಲನ್ನು ಇರಿಸಿದೆ. ಹೊರಗಿನ ಪೆಟ್ಟಿನಿಂದ ಕಣ್ಣನ್ನು ಕಾಪಾಡುವ ಈ ಗೂಡೇ ಒಳಗೆ ಬಾವು ಬಂದಾಗ ಕಣ್ಣಿಗೆ ಸಂಕಟವನ್ನು ತರುತ್ತದೆ. ಕೈಯೋ ಕಾಲೋ ಬಾತರೆ ಚರ್ಮ ಹಿಗ್ಗಿ ಎಡೆ ಮಾಡಿಕೊಡುತ್ತದೆ, ಎಲುಬು ಹಿಗ್ಗುವುದಿಲ್ಲ. ಆದುದರಿಂದ ಗೂಡಿನೊಳಗೆ ಬಾವು ಬೆಳೆದಾಗ ಕಣ್ಣುಗುಡ್ಡೆ ಮುಂದಕ್ಕೆ ತಳ್ಳಲ್ಪಡುತ್ತದೆ. ಒತ್ತಡ ಹೆಚ್ಚಿದರೆ ದೃಷ್ಟಿನರವೇ ಅಮುಕಿಹೋಗುತ್ತದೆ.

ಈ ಬಾವಿಗೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದುವು ಎರಡು: ರೋಗಾಣುಗಳಿಂದ ಬರುವ ಸೋಂಕು, ರೋಗಾಣುಗಳಿಲ್ಲದೆ ದೇಹ ತಾನಾಗಿಯೇ ಹೊತ್ತಿಸಿಕೊಳ್ಳುವ ಉರಿಯೂತ. ಇವೆರಡನ್ನೂ ಬೇರೆಬೇರೆಯಾಗಿ ಗುರುತಿಸುವುದರಲ್ಲಿ ದೇಹದ ಒಳಚಿತ್ರಗಳು ಹೇಗೆ ನೆರವಾಗುತ್ತವೆ, ಎಷ್ಟರಮಟ್ಟಿಗೆ ನೆರವಾಗುತ್ತವೆ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಸಮಸ್ಯೆಯ ಸ್ವರೂಪ

ನೆಗಡಿ ಹಿಡಿದಿದ್ದ ಏಳೆಂಟು ವರ್ಷದ ಹುಡುಗನೊಬ್ಬ ಬೆಳಗ್ಗೆ ಏಳುವಾಗ ಒಂದು ಕಣ್ಣಿನ ರೆಪ್ಪೆ ಊದಿ, ಕೆಂಪಾಗಿ, ಮುಚ್ಚಿಕೊಂಡಿದೆ ಎಂದು ಊಹಿಸಿಕೊಳ್ಳೋಣ. ಇನ್ನೊಂದು ಮನೆಯಲ್ಲಿ ನಲವತ್ತು ವರ್ಷದ ಗೃಹಿಣಿಯೊಬ್ಬಳಿಗೆ ಎರಡು ದಿನಗಳಲ್ಲಿ ಅದೇ ರೀತಿ ರೆಪ್ಪೆ ಊದಿಕೊಂಡಿದೆ. ಕಣ್ಣು ಹೊರಳಿಸಿದರೆ ನೋವು. ಹೊರಗಿನಿಂದ ನೋಡುವವರಿಗೆ ಇಬ್ಬರ ಕಣ್ಣೂ ಒಂದೇ ತೆರನಾಗಿ ಕಾಣುತ್ತದೆ. ಆದರೆ ಹುಡುಗನ ಕಣ್ಣಿನ ಹಿಂದೆ ಕೀವು ಕೂಡಿಕೊಳ್ಳುತ್ತಿರಬಹುದು. ಗೃಹಿಣಿಯ ಕಣ್ಣಿನ ಸ್ನಾಯುವೊಂದು ರೋಗಾಣುಗಳ ಸುಳಿವೇ ಇಲ್ಲದೆ ಬಾತಿರಬಹುದು.

ಇಬ್ಬರಿಗೂ ಒಂದೇ ಔಷಧಿ ಕೊಟ್ಟರಾಗದೆ? ಆಗದು. ಸೋಂಕಿಗೆ ಬೇಕಾದುದು ರೋಗಾಣುಗಳನ್ನು ಕೊಲ್ಲುವ ಆಂಟಿಬಯೋಟಿಕ್ ಔಷಧಿ. ಉರಿಯೂತಕ್ಕೆ ಬೇಕಾದುದು ದೇಹದ ರಕ್ಷಣಾಶಕ್ತಿಯ ಅತಿರೇಕವನ್ನು ಅಡಗಿಸುವ ಸ್ಟೀರಾಯ್ಡ್. ಉರಿಯೂತದ ರೋಗಿಗೆ ಬರಿಯ ಆಂಟಿಬಯೋಟಿಕ್ ಕೊಟ್ಟರೆ ದಿನಗಳು ವ್ಯರ್ಥವಾಗುತ್ತವೆ, ನೋವು ಉಳಿಯುತ್ತದೆ. ಸೋಂಕಿನ ರೋಗಿಗೆ ಬರಿಯ ಸ್ಟೀರಾಯ್ಡ್ ಕೊಟ್ಟರೋ, ಬೆಂಕಿಗೆ ತುಪ್ಪ ಸುರಿದಂತೆ. ಕಾವಲುಗಾರನ ಕೈಕಟ್ಟಿ ಕಳ್ಳನಿಗೆ ಬಾಗಿಲು ತೆರೆದುಕೊಟ್ಟ ಹಾಗಾಗುತ್ತದೆ. ಒಂದೆರಡು ದಿನ ಬಾವು ಇಳಿದಂತೆ ತೋರಿ, ಬಳಿಕ ಸೋಂಕು ಮಿದುಳಿನ ಕಡೆಗೆ ಹಬ್ಬಬಹುದು. ಇಲ್ಲಿ ರೋಗನಿರ್ಣಯದ ತಪ್ಪಿಗೆ ದಂಡವೆಂದರೆ ದೃಷ್ಟಿ. ಕೆಲವು ವೇಳೆ ಪ್ರಾಣ.

ಗೂಡಿನ ರಚನೆ

ಚಿತ್ರವನ್ನು ಓದುವುದಕ್ಕೆ ಮೊದಲು ಆ ಸ್ಥಳದ ಪರಿಚಯ ಅವಶ್ಯಕ. ಕಣ್ಣಿನ ಗೂಡು ಏಳು ಎಲುಬುಗಳು ಸೇರಿ ಆದುದು. ಮುಂದೆ ಅಗಲವಾಗಿ, ಹಿಂದೆ ಹೋಗುತ್ತ ಕಿರಿದಾಗುವ ಆಲಿಕೆಯಂತೆ ಅದರ ಆಕಾರ. ದೊಡ್ಡವರಲ್ಲಿ ಅದರ ಒಳಗಾತ್ರ ಸುಮಾರು ೩೦ ಘನ ಸೆಂಟಿಮೀಟರು. ಅದರಲ್ಲಿ ಕಣ್ಣುಗುಡ್ಡೆ ತೆಗೆದುಕೊಳ್ಳುವುದು ಸುಮಾರು ೭ ಘನ ಸೆಂಟಿಮೀಟರು ಮಾತ್ರ. ಉಳಿದುದೆಲ್ಲ ಕಣ್ಣನ್ನು ಹೊರಳಿಸುವ ಆರು ಸ್ನಾಯುಗಳು, ರೆಪ್ಪೆಯನ್ನು ಎತ್ತುವ ಸ್ನಾಯು, ದೃಷ್ಟಿನರ, ರಕ್ತನಾಳಗಳು, ಹೊರಮೂಲೆಯ ಮೇಲ್ಭಾಗದಲ್ಲಿರುವ ಅಶ್ರುಗ್ರಂಥಿ, ಮತ್ತು ಇವುಗಳ ನಡುವಣ ಸಂದುಗಳನ್ನೆಲ್ಲ ತುಂಬಿರುವ ಕೊಬ್ಬು.

ಈ ಗೂಡಿನ ನೆರೆಹೊರೆಯನ್ನು ಗಮನಿಸುವುದು ಬಹಳ ಮುಖ್ಯ. ಮೂಗಿನ ಸುತ್ತಣ ಎಲುಬುಗಳಲ್ಲಿ ಸೈನಸ್ ಎಂಬ ಗಾಳಿ ತುಂಬಿದ ಟೊಳ್ಳುಗಳಿವೆ. ಗೂಡಿನ ಕೆಳಗೆ ಕೆನ್ನೆಯ ಸೈನಸ್. ಅದರ ತಳದಲ್ಲಿ ಮೇಲ್ದವಡೆಯ ಹಲ್ಲುಗಳ ಬೇರುಗಳು. ಮೇಲೆ ಹಣೆಯ ಸೈನಸ್ ಮತ್ತು ಮಿದುಳು. ಮೂಗಿನ ಕಡೆಯ ಪಕ್ಕದಲ್ಲಿ ಜೇನುಹುಟ್ಟಿನಂತೆ ಚಿಕ್ಕ ಚಿಕ್ಕ ಕೋಣೆಗಳುಳ್ಳ ಇನ್ನೊಂದು ಸೈನಸ್. ಈ ಕೊನೆಯದಕ್ಕೂ ಕಣ್ಣಿನ ಗೂಡಿಗೂ ನಡುವೆ ಇರುವ ಗೋಡೆ ಎಷ್ಟು ತೆಳುವೆಂದರೆ, ಅಂಗರಚನಾ ಶಾಸ್ತ್ರಜ್ಞರು ಅದಕ್ಕೆ ‘ಕಾಗದದಂಥ ಫಲಕ’ ಎಂಬ ಅರ್ಥದ ಲ್ಯಾಟಿನ್ ಹೆಸರನ್ನೇ ಇಟ್ಟಿದ್ದಾರೆ. ಅದರ ದಪ್ಪ ಮಿಲಿಮೀಟರಿನ ಒಂದು ಭಾಗ ಮಾತ್ರ. ಅದರಲ್ಲಿ ನರ ಮತ್ತು ರಕ್ತನಾಳಗಳು ಹಾಯುವ ಸಣ್ಣ ಕಿಂಡಿಗಳೂ ಇವೆ. ಇಲ್ಲಿಯ ಅಭಿಧಮನಿಗಳಲ್ಲಿ ರಕ್ತವು ಎರಡು ದಿಕ್ಕಿಗೂ ಹರಿಯಬಲ್ಲುದು; ಮುಖ, ಕಣ್ಣಿನ ಗೂಡು, ಮಿದುಳಿನ ತಳದ ರಕ್ತಕೋಶ, ಈ ಮೂರಕ್ಕೂ ಅವು ಸಂಪರ್ಕವನ್ನು ಕಲ್ಪಿಸುತ್ತವೆ.

ಇನ್ನೊಂದು ಸಂಗತಿ. ಗೂಡಿನ ಬಾಯಿಯ ಅಂಚಿನಿಂದ ರೆಪ್ಪೆಗಳವರೆಗೆ ತೆಳ್ಳನೆಯ ಆದರೆ ಗಟ್ಟಿಯಾದ ಪೊರೆಯೊಂದು ತೆರೆಯಂತೆ ಹರಡಿದೆ. ತೆರೆಯ ಮುಂದಿನದು ರೆಪ್ಪೆಯ ಪ್ರದೇಶ, ಹಿಂದಿನದು ಗೂಡಿನ ಪ್ರದೇಶ. ತೆರೆಯ ಮುಂದಿರುವ ಸೋಂಕು ಸಾಮಾನ್ಯವಾಗಿ ಮಾತ್ರೆಗಳಿಂದ ವಾಸಿಯಾಗುತ್ತದೆ. ತೆರೆಯ ಹಿಂದಿರುವ ಸೋಂಕಿಗೆ ಆಸ್ಪತ್ರೆಯಲ್ಲಿ ಇರಿಸಿಕೊಂಡು ರಕ್ತನಾಳದ ಮೂಲಕ ಔಷಧಿ ಕೊಡಬೇಕಾಗುತ್ತದೆ.

ಬೆಂಕಿ ಹತ್ತುವ ಎರಡು ಬಗೆ

ಕೆಂಪು, ಬಾವು, ಬಿಸಿ, ನೋವು, ಈ ನಾಲ್ಕು ಉರಿಯೂತದ ಲಕ್ಷಣಗಳೆಂದು ರೋಮಿನ ಸೆಲ್ಸಸ್ ಎಂಬ ಗ್ರಂಥಕರ್ತ ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿಯೇ ಬರೆದಿಟ್ಟನು. ಅಂಗದ ಕೆಲಸ ಕೆಡುವುದು ಐದನೆಯ ಲಕ್ಷಣವೆಂದು ಅನಂತರದವರು ಸೇರಿಸಿದರು. ಕಟ್ಟುನಿಟ್ಟಾಗಿ ಹೇಳುವುದಾದರೆ ಸೋಂಕು ತಗಲಿದಾಗ ಆಗುವುದೂ ಉರಿಯೂತವೇ. ರೋಗಾಣುಗಳ ಮೇಲೆ ಯುದ್ಧಕ್ಕೆ ಹೊರಟ ಬಿಳಿಯ ರಕ್ತಕಣಗಳ ನೂಕುನುಗ್ಗಲೇ ಬಾವು. ಆದಕಾರಣ ಇಲ್ಲಿ ಕೇಳತಕ್ಕ ನಿಜವಾದ ಪ್ರಶ್ನೆ ‘ಉರಿಯೂತ ಇದೆಯೆ?’ ಎಂಬುದಲ್ಲ, ‘ಈ ಉರಿಯೂತದ ಹಿಂದೆ ರೋಗಾಣು ಇದೆಯೆ?’ ಎಂಬುದು.

ರೋಗಾಣು ಇಲ್ಲದ ಉರಿಯೂತಗಳಲ್ಲಿ ದೇಹದ ರಕ್ಷಣಾವ್ಯವಸ್ಥೆ ತನ್ನವರನ್ನೇ ಪರಕೀಯರೆಂದು ಭ್ರಮಿಸಿ ಮೇಲೆ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುವುದು ಇದಕ್ಕೇ. ಕತ್ತಿನ ಥೈರಾಯ್ಡ್ ಗ್ರಂಥಿಯ ರೋಗದ ಜತೆಯಲ್ಲಿ ಬರುವ ಕಣ್ಣಿನ ಬೇನೆ ಈ ಜಾತಿಯದು. ಕಾರಣ ಗೊತ್ತಾಗದೆ ಒಮ್ಮೆಗೇ ಬರುವ ಇನ್ನೊಂದು ಉರಿಯೂತವುಂಟು. ಅದು ಗೆಡ್ಡೆಯಂತೆ ತೋರಿದರೂ ಗೆಡ್ಡೆಯಲ್ಲ. ಆದುದರಿಂದ ೧೯೦೫ರಲ್ಲಿ ಬರ್ಚ್-ಹಿರ್ಷ್‌ಫೆಲ್ಡ್ ಎಂಬ ಜರ್ಮನ್ ವೈದ್ಯರು ಅದನ್ನು ‘ಹುಸಿಗೆಡ್ಡೆ’ ಎಂದು ಕರೆದರು. ಹಾಗೆ ಕರೆಯಲ್ಪಡುತ್ತಿದ್ದ ರೋಗಿಗಳಲ್ಲಿ ಕೆಲವರದು ಐಜಿಜಿ-೪ ಎಂಬ ರಕ್ತದ ಸಸಾರಜನಕಕ್ಕೆ ಸಂಬಂಧಿಸಿದ ಪ್ರತ್ಯೇಕ ರೋಗವೆಂದು ಇಪ್ಪತ್ತೊಂದನೆಯ ಶತಮಾನದಲ್ಲಿ ತಿಳಿದುಬಂದಿದೆ.

ಸೋಂಕಿಗೂ ಇಂಥ ಉರಿಯೂತಕ್ಕೂ ಇರುವ ಒಂದು ವ್ಯತ್ಯಾಸವನ್ನು ವಾಚಕರು ಚೆನ್ನಾಗಿ ನೆನಪಿಡಬೇಕು. ಕಣ್ಣಿನ ಗೂಡಿಗೆ ಸೋಂಕು ಬಹುತರವಾಗಿ ನೆರೆಮನೆಯಿಂದ ಬರುತ್ತದೆ: ಸೈನಸ್ಸಿನಿಂದ, ಹಲ್ಲಿನಿಂದ, ಕಣ್ಣೀರಿನ ಚೀಲದಿಂದ, ಚರ್ಮದ ಗಾಯದಿಂದ. ಮಕ್ಕಳಲ್ಲಿ ಇದು ಹೆಚ್ಚಾಗಿ ಬರುವುದು ಸೈನಸ್ಸಿನಿಂದಲೇ. ಉರಿಯೂತವಾದರೋ ಮನೆಯೊಳಗೇ, ಸ್ನಾಯುವಿನಲ್ಲೋ ಗ್ರಂಥಿಯಲ್ಲೋ, ಹುಟ್ಟುತ್ತದೆ. ಮುಂದೆ ಹೇಳುವ ಚಿತ್ರಪರೀಕ್ಷೆಯ ತಿರುಳೆಲ್ಲ ಈ ಒಂದು ವ್ಯತ್ಯಾಸದಲ್ಲಿ ಅಡಗಿದೆ.

ಚಿತ್ರ ತೆಗೆಯುವ ಸಾಧನಗಳು

೧೮೯೫ರ ನವೆಂಬರಿನಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ನಗರದಲ್ಲಿ ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದರು. ಅವು ಎಲುಬನ್ನು ಚೆನ್ನಾಗಿ ತೋರಿಸುತ್ತವೆ; ಸೈನಸ್ಸಿನಲ್ಲಿ ಗಾಳಿಯ ಬದಲು ದ್ರವ ತುಂಬಿದ್ದರೆ ಅದನ್ನೂ ಅಷ್ಟಿಷ್ಟು ತೋರಿಸುತ್ತವೆ. ಆದರೆ ಕೊಬ್ಬು, ಸ್ನಾಯು, ಕೀವು ಇವುಗಳನ್ನು ಒಂದರಿಂದೊಂದು ಬೇರ್ಪಡಿಸಿ ತೋರಿಸಲಾರವು. ಎಲ್ಲದರ ನೆರಳೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ.

ಈ ಕೊರತೆಯನ್ನು ನೀಗಿಸಿದುದು ಸಿ.ಟಿ. ಸ್ಕ್ಯಾನ್. ಇಂಗ್ಲೆಂಡಿನಲ್ಲಿ ಗ್ರಾಮಫೋನ್ ತಟ್ಟೆಗಳಿಗೆ ಹೆಸರಾಗಿದ್ದ ಇ.ಎಂ.ಐ. ಸಂಸ್ಥೆಯ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ನಿರ್ಮಿಸಿದ ಯಂತ್ರದಿಂದ ೧೯೭೧ರ ಅಕ್ಟೋಬರ್ ೧ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರವನ್ನು ತೆಗೆಯಲಾಯಿತು. ೧೯೭೯ರಲ್ಲಿ ಹೌನ್ಸ್‌ಫೀಲ್ಡ್ ಮತ್ತು ಅಲನ್ ಕಾರ್ಮ್ಯಾಕ್ ಇಬ್ಬರಿಗೂ ನೊಬೆಲ್ ಪಾರಿತೋಷಿಕ ದೊರೆಯಿತು. ಈ ಯಂತ್ರದಲ್ಲಿ ಕ್ಷ-ಕಿರಣಗಳನ್ನು ಸುತ್ತಲೂ ಹಾಯಿಸಿ, ಬಾಳೆದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ನೋಡಿದಂತೆ, ತಲೆಯ ಒಂದೊಂದು ಹೋಳನ್ನೂ ಗಣಿತದ ಸಹಾಯದಿಂದ ಚಿತ್ರಿಸುತ್ತಾರೆ. ಪ್ರತಿಯೊಂದು ವಸ್ತುವಿಗೂ ಅದು ಕಿರಣಗಳನ್ನು ತಡೆಯುವ ಪ್ರಮಾಣಕ್ಕೆ ತಕ್ಕಂತೆ ಅಂಕಿಯುಂಟು. ನೀರಿಗೆ ಸೊನ್ನೆ; ಗಾಳಿಗೆ ಋಣ ೧೦೦೦; ಕೊಬ್ಬಿಗೆ ಸುಮಾರು ಋಣ ೧೦೦; ಸ್ನಾಯುವಿಗೆ ಸುಮಾರು ಧನ ೫೦; ಎಲುಬಿಗೆ ಹಲವು ನೂರು.

ಇಲ್ಲಿ ಪ್ರಕೃತಿಯ ಒಂದು ಉಪಕಾರವನ್ನು ಹೇಳಬೇಕು. ಗೂಡಿನೊಳಗಿನ ಕೊಬ್ಬು ಸಿ.ಟಿ. ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಅದರ ಮೇಲೆ ಸ್ನಾಯುಗಳೂ ದೃಷ್ಟಿನರವೂ ಬೂದಿಬಣ್ಣದಲ್ಲಿ ಎದ್ದು ತೋರುತ್ತವೆ. ಆರೋಗ್ಯವಂತನ ಚಿತ್ರದಲ್ಲಿ ಈ ಕಪ್ಪು ಶುಭ್ರವಾಗಿರುತ್ತದೆ. ಬಾವಿನ ನೀರು ಕೊಬ್ಬಿಗೆ ಇಳಿದಾಗ, ಕರಿಹಲಗೆಯ ಮೇಲೆ ಸೀಮೆಸುಣ್ಣದ ಗೀಟುಗಳನ್ನು ಎಳೆದಂತೆ ಬೂದು ಎಳೆಗಳು ಕಾಣಿಸಿಕೊಳ್ಳುತ್ತವೆ. ತೆರೆಯ ಹಿಂದಿನ ಕರಿಹಲಗೆಯಲ್ಲಿ ಗೀಟು ಬಿದ್ದಿದೆಯೆ ಎಂಬುದೇ ವೈದ್ಯನ ಮೊದಲ ನೋಟ.

ಎಂ.ಆರ್.ಐ. ಎಂಬ ಮತ್ತೊಂದು ಸಾಧನದಲ್ಲಿ ಕ್ಷ-ಕಿರಣಗಳ ಕೆಲಸವಿಲ್ಲ. ಬಲವಾದ ಅಯಸ್ಕಾಂತದ ನಡುವೆ ರೋಗಿಯನ್ನು ಮಲಗಿಸಿ, ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಜಲಜನಕದ ಬೀಜಗಳನ್ನು ರೇಡಿಯೋ ಅಲೆಗಳಿಂದ ಕೆಣಕಿ, ಅವು ಮರಳಿ ಕೊಡುವ ಸಂಕೇತಗಳಿಂದ ಚಿತ್ರವನ್ನು ಕಟ್ಟುತ್ತಾರೆ. ಇದಕ್ಕೆ ದಾರಿ ತೋರಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ೨೦೦೩ರಲ್ಲಿ ನೊಬೆಲ್ ಪಾರಿತೋಷಿಕವನ್ನು ಪಡೆದರು. ಮೃದುವಾದ ಅಂಗಗಳ ಸೂಕ್ಷ್ಮ ಭೇದಗಳನ್ನು ತೋರಿಸುವುದರಲ್ಲಿ ಇದು ಸಿ.ಟಿ.ಯನ್ನು ಮೀರಿಸಿದೆ. ಆದರೆ ಸಿ.ಟಿ. ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತದೆ, ಎಂ.ಆರ್.ಐ.ಗೆ ಅರ್ಧ ಗಂಟೆಯಾದರೂ ಹಿಡಿಯಬಹುದು. ಜ್ವರದಿಂದ ನರಳುವ ಮಗು ಅಷ್ಟು ಹೊತ್ತು ಅಲುಗದೆ ಮಲಗುವುದು ಕಷ್ಟ. ಲೋಹದ ಕೆಲಸ ಮಾಡುವವರ ಕಣ್ಣಿನಲ್ಲಿ ಕಬ್ಬಿಣದ ಚೂರು ಸೇರಿಕೊಂಡಿದ್ದರೆ ಅಯಸ್ಕಾಂತ ಅದನ್ನು ಎಳೆದು ಕಣ್ಣನ್ನೇ ಕೆಡಿಸಬಹುದು. ಆದುದರಿಂದ ಅಂಥವರನ್ನು ಮೊದಲೇ ವಿಚಾರಿಸುತ್ತಾರೆ. ಹೀಗಾಗಿ ಸೋಂಕಿನ ಶಂಕೆಯಿರುವಾಗ ತುರ್ತಿಗೆ ಸಿ.ಟಿ., ಸಂದೇಹ ಉಳಿದಾಗ ಎಂ.ಆರ್.ಐ. ಎಂಬ ಪದ್ಧತಿ ನಡೆದು ಬಂದಿದೆ.

ಮೂರನೆಯದು ಕಿವಿಗೆ ಕೇಳಿಸದ ಶಬ್ದದ ಅಲೆಗಳಿಂದ ಮಾಡುವ ಅಲ್ಟ್ರಾಸೌಂಡ್. ಕಣ್ಣಿನ ಪರೀಕ್ಷೆಗೆ ಇದನ್ನು ೧೯೫೦ರ ದಶಕದಿಂದಲೂ ಬಳಸುತ್ತಿದ್ದಾರೆ. ಗೂಡಿನ ಆಳವನ್ನು ಇದು ಚೆನ್ನಾಗಿ ಮುಟ್ಟಲಾರದಾದರೂ, ಕಣ್ಣುಗುಡ್ಡೆ ಮತ್ತು ಅದರ ಹತ್ತಿರದ ಭಾಗಗಳಿಗೆ ಬಲು ಉಪಯುಕ್ತ. ಉದಾಹರಣೆಗೆ, ಕಣ್ಣುಗುಡ್ಡೆಯ ಬಿಳಿಯ ಪೊರೆಯ ಹಿಂಭಾಗಕ್ಕೆ ಉರಿಯೂತ ಬಂದಾಗ ಅದರ ಹಿಂದೆ ತೆಳುವಾಗಿ ನೀರು ನಿಲ್ಲುತ್ತದೆ. ಆ ನೀರಿನ ಅಡ್ಡಗೆರೆಯೂ ದೃಷ್ಟಿನರದ ಉದ್ದಗೆರೆಯೂ ಕೂಡಿ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರ ಮೂಡುತ್ತದೆ. ಕಣ್ಣಿನ ವೈದ್ಯರು ಈ ಅಕ್ಷರವನ್ನು ಕಂಡೊಡನೆ ರೋಗವನ್ನು ಬಹುಮಟ್ಟಿಗೆ ಊಹಿಸುತ್ತಾರೆ.

ಚಿತ್ರವನ್ನು ಓದುವ ಕ್ರಮ

ಯಂತ್ರ ಚಿತ್ರವನ್ನು ಕೊಡುತ್ತದೆ, ಅರ್ಥವನ್ನು ಕೊಡುವುದಿಲ್ಲ. ಅದನ್ನು ಓದುವವನು ಕೆಲವು ಪ್ರಶ್ನೆಗಳನ್ನು ಕ್ರಮವಾಗಿ ಕೇಳಬೇಕಾಗುತ್ತದೆ.

ಮೊದಲನೆಯದು: ಬಾವು ತೆರೆಯ ಮುಂದಿದೆಯೋ ಹಿಂದಿದೆಯೋ? ಮುಂದೆ ಮಾತ್ರ ಇದ್ದು ಹಿಂದಣ ಕೊಬ್ಬು ಶುಭ್ರವಾಗಿದ್ದರೆ ಭಯ ಕಡಿಮೆ.

ಎರಡನೆಯದು: ನೆರೆಯ ಸೈನಸ್ಸುಗಳು ಹೇಗಿವೆ? ಕಣ್ಣಿನ ರೋಗಿಯ ಚಿತ್ರದಲ್ಲಿ ಕಣ್ಣಿನ ಜತೆಗೇ ಮೂಗಿನ ಪಕ್ಕವನ್ನು ನೋಡಬೇಕೆಂಬುದು ವಿಚಿತ್ರವಾಗಿ ತೋರಬಹುದು. ಆದರೆ ಸೋಂಕು ನೆರೆಮನೆಯಿಂದ ಬರುವುದೆಂದು ಮೇಲೆ ಹೇಳಿದೆವಷ್ಟೆ. ಗಾಳಿಯಿಂದ ಕಪ್ಪಾಗಿರಬೇಕಾದ ಸೈನಸ್ ಬೂದಿಬಣ್ಣಕ್ಕೆ ತಿರುಗಿ, ಅದಕ್ಕೆ ತಾಗಿದ ಕಡೆಯಲ್ಲಿಯೇ ಗೂಡಿನ ಬಾವು ಇದ್ದರೆ ಸೋಂಕಿನ ಸಂಭವ ಬಲವಾಗುತ್ತದೆ. ಎಲ್ಲ ಸೈನಸ್ಸುಗಳೂ ಶುಭ್ರವಾಗಿದ್ದು, ಹಲ್ಲು ಚರ್ಮಗಳಲ್ಲಿಯೂ ದೋಷವಿಲ್ಲದಿದ್ದರೆ ಉರಿಯೂತದ ಕಡೆಗೆ ಮನಸ್ಸು ಹರಿಯುತ್ತದೆ.

ಮೂರನೆಯದು: ಬಾವು ಯಾವ ಅಂಗದ್ದು? ಸೋಂಕು ಗಡಿಗಳನ್ನು ಲೆಕ್ಕಿಸದೆ ಕೊಬ್ಬಿನಲ್ಲೆಲ್ಲ ಹರಡುತ್ತದೆ. ಉರಿಯೂತ ಹಲವು ವೇಳೆ ಒಂದು ಸ್ನಾಯುವನ್ನೋ ಅಶ್ರುಗ್ರಂಥಿಯನ್ನೋ ಆರಿಸಿಕೊಳ್ಳುತ್ತದೆ.

ನಾಲ್ಕನೆಯದು: ಕೀವು ಕಟ್ಟಿದೆಯೆ? ಸೈನಸ್ಸಿನಿಂದ ಬಂದ ಕೀವು ಮೊದಲು ಗೂಡಿನ ಎಲುಬಿಗೂ ಅದರ ಹೊದಿಕೆಗೂ ನಡುವೆ ಶೇಖರವಾಗುತ್ತದೆ. ಅಲ್ಲಿ ಹೊದಿಕೆ ಸಡಿಲವಾಗಿ ಅಂಟಿರುವುದರಿಂದ ಅದು ಎದ್ದು, ಚಿತ್ರದಲ್ಲಿ ಮಸೂರದ ಆಕಾರದ ಉಬ್ಬೊಂದು ಕಾಣುತ್ತದೆ. ಅಯೋಡಿನ್ ಬೆರೆತ ದ್ರಾವಣವನ್ನು ರಕ್ತಕ್ಕೆ ಕೊಟ್ಟು ಚಿತ್ರ ತೆಗೆದರೆ ಆ ಉಬ್ಬಿನ ಅಂಚು ಬೆಳಗುತ್ತದೆ, ನಡುವಣ ಭಾಗ ಬೆಳಗುವುದಿಲ್ಲ. ಏಕೆಂದರೆ ಕೀವಿನೊಳಗೆ ರಕ್ತನಾಳಗಳಿಲ್ಲ. ಎಂ.ಆರ್.ಐ.ಯಲ್ಲಿ ಕೀವನ್ನು ಗುರುತಿಸಲು ಇನ್ನೂ ಸೊಗಸಾದ ಉಪಾಯವಿದೆ. ನೀರಿನ ಕಣಗಳು ಎಷ್ಟು ಸ್ವೇಚ್ಛೆಯಾಗಿ ಓಡಾಡುತ್ತವೆ ಎಂಬುದನ್ನು ಅಳೆಯುವ ವಿಧಾನವದು. ಬರಿಯ ನೀರೂತದಲ್ಲಿ ಅವು ಬಯಲಿನಲ್ಲಿ ಅಡ್ಡಾಡುವವರಂತೆ ಚಲಿಸುತ್ತವೆ. ದಪ್ಪನಾದ ಕೀವಿನಲ್ಲಿಯಾದರೋ ಜಾತ್ರೆಯ ಸಂದಣಿಯಲ್ಲಿ ಸಿಕ್ಕಿಕೊಂಡವರಂತೆ ನಿಂತಲ್ಲೇ ನಿಲ್ಲುತ್ತವೆ. ಆ ಜಾಗ ಚಿತ್ರದಲ್ಲಿ ಪ್ರಕಾಶಮಾನವಾಗಿ ತೋರುತ್ತದೆ.

ಐದನೆಯದು: ಅಪಾಯ ಎಷ್ಟು ಹತ್ತಿರದಲ್ಲಿದೆ? ಕಣ್ಣುಗುಡ್ಡೆಯ ಹಿಂಬದಿ ದುಂಡಗಿರದೆ ದೃಷ್ಟಿನರದ ಕಡೆಗೆ ಚೂಪಾಗಿ ಎಳೆದುಕೊಂಡಿದ್ದರೆ ನರ ಬಿಗಿದ ಹಗ್ಗದಂತಾಗಿದೆಯೆಂದು ಅರ್ಥ. ಗೂಡಿನ ಮೇಲ್ಭಾಗದ ಅಭಿಧಮನಿ ಉಬ್ಬಿ, ದ್ರಾವಣ ಅದರೊಳಕ್ಕೆ ತುಂಬದಿದ್ದರೆ, ರಕ್ತ ಹೆಪ್ಪುಗಟ್ಟಿ ಸೋಂಕು ಮಿದುಳಿನ ತಳಕ್ಕೆ ಸಾಗಿರುವ ಶಂಕೆಯುಂಟು.

೧೯೭೦ರಲ್ಲಿ ಚಾಂಡ್ಲರ್ ಮತ್ತು ಅವರ ಸಹೋದ್ಯೋಗಿಗಳು ಈ ಸೋಂಕನ್ನು ಐದು ಮೆಟ್ಟಿಲುಗಳಾಗಿ ವಿಂಗಡಿಸಿದರು: ರೆಪ್ಪೆಯ ಬಾವು, ಗೂಡಿನ ಬಾವು, ಎಲುಬಿನ ಹೊದಿಕೆಯಡಿಯ ಕೀವು, ಗೂಡಿನೊಳಗಿನ ಕೀವು, ಮಿದುಳಿನ ತಳದ ರಕ್ತಕೋಶದಲ್ಲಿ ಹೆಪ್ಪು. ಸಿ.ಟಿ. ಯಂತ್ರವಿನ್ನೂ ರೋಗಿಗಳ ಉಪಯೋಗಕ್ಕೆ ಬಾರದ ಕಾಲದಲ್ಲಿ ಮಾಡಿದ ಈ ವಿಂಗಡಣೆಯನ್ನು ಇಂದಿಗೂ ವೈದ್ಯರು ಚಿತ್ರಗಳನ್ನು ವರ್ಣಿಸುವಾಗ ಬಳಸುತ್ತಾರೆ.

ಮೂರು ನಿದರ್ಶನಗಳು

ಮೇಲಿನ ವಿಚಾರವನ್ನು ಮೂರು ನಿದರ್ಶನಗಳಿಂದ ಸ್ಪಷ್ಟಪಡಿಸಬಹುದು.

ಒಂದು, ಸ್ನಾಯುವಿನ ಬಾವು. ಥೈರಾಯ್ಡ್ ಬೇನೆಯಲ್ಲಿ ಕಣ್ಣಿನ ಸ್ನಾಯುಗಳ ಹೊಟ್ಟೆ ಉಬ್ಬುತ್ತದೆ. ಕಣ್ಣುಗುಡ್ಡೆಗೆ ಅಂಟಿಕೊಳ್ಳುವ ಕೊನೆಯ ನಾರುಭಾಗ ಸಾಮಾನ್ಯವಾಗಿ ತೆಳ್ಳಗೆಯೇ ಉಳಿಯುತ್ತದೆ. ಮೊದಲು ಕೆಳಗಿನ ಸ್ನಾಯು, ಬಳಿಕ ಮೂಗಿನ ಕಡೆಯದು ಊದುವುದು ಹೆಚ್ಚು. ರೋಗಿ ಒಂದೇ ಕಣ್ಣನ್ನು ದೂರಿದರೂ ಚಿತ್ರದಲ್ಲಿ ಅನೇಕ ವೇಳೆ ಎರಡು ಕಡೆಯೂ ಬಾವು ಕಾಣುತ್ತದೆ. ಹುಸಿಗೆಡ್ಡೆ ಎನಿಸಿಕೊಂಡ ಉರಿಯೂತದಲ್ಲಾದರೋ ಹೊಟ್ಟೆಯ ಜತೆಗೆ ನಾರುಭಾಗವೂ ದಪ್ಪನಾಗುವುದುಂಟು. ಹೆಚ್ಚಾಗಿ ಒಂದೇ ಕಡೆ, ನೋವಿನೊಡನೆ. ಕೆಲವೇ ಮಿಲಿಮೀಟರು ಉದ್ದದ ಒಂದು ನಾರು ದಪ್ಪವೋ ತೆಳುವೋ ಎಂಬುದು ಎರಡು ರೋಗಗಳನ್ನು ಬೇರ್ಪಡಿಸಲು ನೆರವಾಗುತ್ತದೆ. ಎರಡರಲ್ಲಿಯೂ ಸೈನಸ್ಸುಗಳು ಸಾಮಾನ್ಯವಾಗಿ ಶುಭ್ರವಾಗಿರುತ್ತವೆ.

ಎರಡು, ಲಾಡಿಹುಳುವಿನ ಮರಿ. ನಮ್ಮ ದೇಶದಲ್ಲಿ ಈ ನಿದರ್ಶನ ಅಪರೂಪವಲ್ಲ. ಹಂದಿಯ ಲಾಡಿಹುಳುವಿನ ಮೊಟ್ಟೆಗಳು ಮಲಿನವಾದ ನೀರು, ತೊಳೆಯದ ಸೊಪ್ಪು ತರಕಾರಿಗಳ ಮೂಲಕ ಹೊಟ್ಟೆಯನ್ನು ಸೇರುತ್ತವೆ. ಆದುದರಿಂದ ಮಾಂಸ ತಿನ್ನದವರಿಗೂ ಈ ರೋಗ ಬರಬಹುದು. ಮೊಟ್ಟೆಯಿಂದ ಹೊರಟ ಮರಿ ರಕ್ತದೊಡನೆ ಸಾಗಿ ಕಣ್ಣಿನ ಸ್ನಾಯುವಿನಲ್ಲಿ ನೆಲೆಸಿದರೆ ಅಲ್ಲಿ ಬಾವು ಬರುತ್ತದೆ. ಇದನ್ನು ಬರಿಯ ಉರಿಯೂತವೆಂದು ಬಗೆದು ಸ್ಟೀರಾಯ್ಡ್ ಮಾತ್ರ ಕೊಟ್ಟರೆ ಬಾವು ಇಳಿದು, ನಿಲ್ಲಿಸಿದೊಡನೆ ಮರಳುತ್ತದೆ. ಅಲ್ಟ್ರಾಸೌಂಡಿನಲ್ಲಿ ನೋಡಿದರೋ, ಸ್ನಾಯುವಿನ ನಡುವೆ ದುಂಡನೆಯ ನೀರುಗುಳ್ಳೆ, ಅದರೊಳಗೆ ಬೊಟ್ಟಿಟ್ಟಂತೆ ಹೊಳೆಯುವ ಚುಕ್ಕೆ. ಆ ಚುಕ್ಕೆಯೇ ಮರಿಯ ತಲೆ. ಇಲ್ಲಿ ಸೋಂಕೂ ಉಂಟು, ಅದರ ವಿರುದ್ಧ ಹೊತ್ತಿಕೊಂಡ ಉರಿಯೂತವೂ ಉಂಟು. ಆದಕಾರಣ ಹುಳುವನ್ನು ಕೊಲ್ಲುವ ಔಷಧಿಯನ್ನೂ ಸ್ಟೀರಾಯ್ಡನ್ನೂ ಜತೆಯಾಗಿ ಕೊಡುತ್ತಾರೆ. ಆದರೆ ಅದಕ್ಕೆ ಮೊದಲು ಮಿದುಳಿನಲ್ಲಿಯೂ ಕಣ್ಣುಗುಡ್ಡೆಯ ಒಳಗೂ ಇಂಥ ಗುಳ್ಳೆಗಳಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಅವಶ್ಯಕ. ಅಲ್ಲಿ ಹುಳು ಸಾಯುವಾಗ ಏಳುವ ಉರಿಯೂತ ಹಾನಿಯನ್ನು ಉಂಟುಮಾಡಬಹುದು.

ಮೂರು, ೨೦೨೧ರ ಶಿಲೀಂಧ್ರ. ಆ ವರ್ಷ ಕೋವಿಡ್ ರೋಗದ ಎರಡನೆಯ ಅಲೆಯ ಬೆನ್ನಿಗೇ ನಮ್ಮ ದೇಶದಲ್ಲಿ ಮ್ಯೂಕರ್ ಜಾತಿಯ ಶಿಲೀಂಧ್ರದ ಸೋಂಕು ಸಾವಿರಾರು ಜನರನ್ನು ಬಾಧಿಸಿತು. ಇದನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗವೆಂದು ಸಾರುವಂತೆ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಸೂಚಿಸಿತು. ಜನ ಇದನ್ನು ‘ಕಪ್ಪು ಶಿಲೀಂಧ್ರ’ ಎಂದರು. ನಿಜವಾಗಿ ಕಪ್ಪಾಗಿರುವುದು ಶಿಲೀಂಧ್ರವಲ್ಲ, ಅದರಿಂದ ಸತ್ತ ಮಾಂಸ. ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಮಿತಿಮೀರಿದ ಸ್ಟೀರಾಯ್ಡ್, ಇವೆರಡೂ ಅದಕ್ಕೆ ಹಾದಿ ಮಾಡಿಕೊಟ್ಟವು. ಶಿಲೀಂಧ್ರ ಮೂಗಿನಿಂದ ಸೈನಸ್ಸಿಗೆ, ಅಲ್ಲಿಂದ ಕಣ್ಣಿನ ಗೂಡಿಗೆ, ಮುಂದೆ ಮಿದುಳಿಗೆ ಸಾಗುತ್ತದೆ. ಹಾದಿಯಲ್ಲಿ ರಕ್ತನಾಳಗಳನ್ನು ಹೊಕ್ಕು ಅವುಗಳನ್ನು ಮುಚ್ಚಿಬಿಡುತ್ತದೆ. ಮೊದಲ ದಿನಗಳ ಸಿ.ಟಿ. ಚಿತ್ರದಲ್ಲಿ ಸಾಧಾರಣ ನೆಗಡಿಯಂತೆ ಸೈನಸ್ಸಿನ ಒಳಪೊರೆ ದಪ್ಪವಾಗಿರುವುದಷ್ಟೇ ಕಾಣಬಹುದು. ಎಲುಬು ತಿಂದುಹೋಗುವುದು ತಡವಾಗಿ. ಅದಕ್ಕೂ ಮೊದಲೇ ಕೆನ್ನೆಯ ಸೈನಸ್ಸಿನ ಹಿಂದಿರುವ ಕೊಬ್ಬು ಮಬ್ಬಾಗುವುದುಂಟು. ಎಂ.ಆರ್.ಐ.ಯಲ್ಲಿ ಇನ್ನೊಂದು ಗುರುತು ಸಿಕ್ಕುತ್ತದೆ. ದ್ರಾವಣವನ್ನು ರಕ್ತಕ್ಕೆ ಕೊಟ್ಟಾಗ ಬದುಕಿರುವ ಪೊರೆ ಬೆಳಗಬೇಕು. ಉರಿಯೂತವಿದ್ದರೆ ಇನ್ನೂ ಹೆಚ್ಚು ಬೆಳಗಬೇಕು. ಶಿಲೀಂಧ್ರ ಕೊಂದ ಕಡೆ ರಕ್ತವೇ ಹರಿಯದು. ಆದುದರಿಂದ ಬೆಳಕೂ ಇಲ್ಲ, ಕತ್ತಲೆ. ಹೀಗೆ ಬೆಳಗಬೇಕಾದ ಕಡೆ ಬೆಳಗದಿರುವುದೇ ಎಚ್ಚರಿಕೆಯ ಗಂಟೆ.

ಚಿತ್ರದ ಮಿತಿ

ಇಷ್ಟೆಲ್ಲ ಹೇಳಿದ ಮೇಲೆ ಚಿತ್ರಕ್ಕಿರುವ ಮಿತಿಯನ್ನೂ ಹೇಳುವುದು ನ್ಯಾಯ. ನೆಗಡಿಯಾದವರಲ್ಲಿ ಬಹುಮಂದಿಯ ಸೈನಸ್ಸಿನ ಪೊರೆ ದಪ್ಪವಾಗಿಯೇ ಇರುತ್ತದೆ. ಉರಿಯೂತದ ರೋಗಿಗೂ ನೆಗಡಿ ಬಂದಿರಬಾರದೆಂದೇನೂ ಇಲ್ಲ. ಗೆಡ್ಡೆಗಳು ಬೇರೆ ಬಾವಿನ ವೇಷವನ್ನು ಹಾಕುತ್ತವೆ. ಚಿಕ್ಕ ಮಕ್ಕಳ ಕಣ್ಣಿನ ಹಿಂಪೊರೆಯಲ್ಲಿ ಹುಟ್ಟುವ ಕ್ಯಾನ್ಸರ್ ಕೆಲವೊಮ್ಮೆ ಸೋಂಕಿನಂತೆಯೇ ರೆಪ್ಪೆಯನ್ನು ಊದಿಸುತ್ತದೆ. ಚಿತ್ರದಲ್ಲಿ ಕಣ್ಣುಗುಡ್ಡೆಯೊಳಗೆ ಸುಣ್ಣದ ಕಣಗಳು ಕಂಡಾಗ ಅದರ ಗುಟ್ಟು ಹೊರಬೀಳುತ್ತದೆ. ದುಗ್ಧಕಣಗಳ ಕ್ಯಾನ್ಸರ್ ಸ್ಟೀರಾಯ್ಡ್ ಕೊಟ್ಟಾಗ ತಾತ್ಕಾಲಿಕವಾಗಿ ಕುಗ್ಗುತ್ತದೆ. ಆದುದರಿಂದ ‘ಸ್ಟೀರಾಯ್ಡಿಗೆ ಇಳಿಯಿತು, ಉರಿಯೂತವೇ ಇರಬೇಕು’ ಎಂಬ ತರ್ಕವೂ ನಿಲ್ಲುವುದಿಲ್ಲ. ಸಕ್ಕರೆಯ ಬಳಕೆಯನ್ನು ತೋರಿಸುವ ಪೆಟ್ ಸ್ಕ್ಯಾನ್ ಸಹ ಇಲ್ಲಿ ತೀರ್ಪು ಹೇಳಲಾರದು. ಏಕೆಂದರೆ ಕೆರಳಿದ ಬಿಳಿಯ ರಕ್ತಕಣಗಳು ಸೋಂಕಿನಲ್ಲಿಯೂ ಉರಿಯೂತದಲ್ಲಿಯೂ ಸಕ್ಕರೆಯನ್ನು ಧಾರಾಳವಾಗಿಯೇ ಬಳಸುತ್ತವೆ.

ಆದುದರಿಂದ ಅನುಭವಸ್ಥ ವೈದ್ಯರು ಚಿತ್ರವನ್ನು ಒಬ್ಬ ಸಾಕ್ಷಿಯಂತೆ ಕಾಣುತ್ತಾರೆಯೇ ಹೊರತು ನ್ಯಾಯಾಧೀಶನಂತೆ ಅಲ್ಲ. ಜ್ವರವಿದೆಯೆ, ನೋವು ಎಷ್ಟು ದಿನದ್ದು, ಕಣ್ಣು ಎಲ್ಲ ಕಡೆಗೂ ಹೊರಳುತ್ತದೆಯೆ, ಬಣ್ಣಗಳು ಮಂಕಾಗಿವೆಯೆ, ಬೆಳಕು ಬಿಟ್ಟಾಗ ಪಾಪೆ ಕುಗ್ಗುತ್ತದೆಯೆ, ರಕ್ತಪರೀಕ್ಷೆ ಏನು ಹೇಳುತ್ತದೆ, ಇವೆಲ್ಲ ಇತರ ಸಾಕ್ಷಿಗಳು. ಸಾಕ್ಷಿಗಳ ಹೇಳಿಕೆ ಹೊಂದದಿದ್ದಾಗ ಬಾವಿನ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಕೀವು ಸಿಕ್ಕಿದರೆ ಅದರಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುತ್ತಾರೆ. ಆ ಚೂರನ್ನು ಎಲ್ಲಿಂದ, ಯಾವ ದಾರಿಯಿಂದ ತೆಗೆಯಬೇಕೆಂದು ತೋರಿಸಿಕೊಡುವುದೂ ಚಿತ್ರವೇ.

ಮೇಲೆ ಊಹಿಸಿಕೊಂಡ ಹುಡುಗನ ಚಿತ್ರದಲ್ಲಿ ಮೂಗಿನ ಪಕ್ಕದ ಸೈನಸ್ ತುಂಬಿ, ಕಾಗದದಂಥ ಗೋಡೆಯ ಪಕ್ಕದಲ್ಲಿ ಮಸೂರದಂಥ ಉಬ್ಬು ಕಂಡರೆ, ಅವನಿಗೆ ಆ ದಿನವೇ ಆಂಟಿಬಯೋಟಿಕ್ ಆರಂಭವಾಗುತ್ತದೆ. ದೃಷ್ಟಿ ಕುಗ್ಗುತ್ತಿದ್ದರೆ, ಇಲ್ಲವೆ ಔಷಧಿಗೆ ಬಗ್ಗದಿದ್ದರೆ, ಕೀವನ್ನು ಹೊರತೆಗೆಯುತ್ತಾರೆ. ಗೃಹಿಣಿಯ ಚಿತ್ರದಲ್ಲಿ ಸೈನಸ್ಸುಗಳು ಶುಭ್ರವಾಗಿದ್ದು ಒಂದೇ ಸ್ನಾಯು ನಾರಿನವರೆಗೂ ದಪ್ಪನಾಗಿದ್ದು, ಉಳಿದ ಪರೀಕ್ಷೆಗಳೂ ಅದಕ್ಕೆ ಹೊಂದಿದರೆ, ಅವಳಿಗೆ ಸ್ಟೀರಾಯ್ಡ್ ಕೊಟ್ಟು ಎಚ್ಚರಿಕೆಯಿಂದ ನೋಡಿಕೊಳ್ಳುತ್ತಾರೆ. ಹೊರನೋಟಕ್ಕೆ ಒಂದೇ ಆಗಿದ್ದ ಎರಡು ಕಣ್ಣುಗಳಿಗೆ ಹೀಗೆ ಎರಡು ಬೇರೆ ದಾರಿಗಳು ತೆರೆಯುತ್ತವೆ.

ವೈದ್ಯರಲ್ಲದ ನಮಗೆ ಇದರಿಂದ ತಿಳಿಯಬೇಕಾದುದು ಎರಡು ಮಾತು. ಕಣ್ಣುಕುಟಿಕೆಯೋ ಸಾಮಾನ್ಯ ಕಣ್ಣುಬೇನೆಯೋ ಬಂದಾಗ ಗಾಬರಿಪಡಬೇಕಾದುದಿಲ್ಲ. ಆದರೆ ರೆಪ್ಪೆ ಊದಿದುದರ ಜತೆಗೆ ಜ್ವರ, ಕಣ್ಣು ಮುಂದಕ್ಕೆ ಬಂದಿರುವುದು, ಹೊರಳಿಸಲು ಆಗದಿರುವುದು, ಒಂದು ವಸ್ತು ಎರಡಾಗಿ ಕಾಣುವುದು, ದೃಷ್ಟಿ ಮಂಕಾಗುವುದು, ಇವುಗಳಲ್ಲಿ ಯಾವುದೊಂದು ಇದ್ದರೂ ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು. ನಾಳೆ ನೋಡೋಣವೆಂದು ಕುಳಿತರೆ ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಗುತ್ತದೆ. ಎರಡನೆಯದಾಗಿ, ಹಿಂದೆ ಯಾರಿಗೋ ಗುಣವಾಯಿತೆಂದು ಔಷಧಿಯಂಗಡಿಯಿಂದ ಸ್ಟೀರಾಯ್ಡ್ ಮಾತ್ರೆಯನ್ನೋ ಹನಿಯನ್ನೋ ತಂದು ನಾವೇ ಬಳಸಕೂಡದು. ಆ ಔಷಧಿ ಮಿತ್ರನಾಗುವುದೂ ಶತ್ರುವಾಗುವುದೂ ಒಳಗಿರುವುದು ಯಾವ ಬೆಂಕಿ ಎಂಬುದನ್ನು ಅವಲಂಬಿಸಿದೆ. ಹೊರಗಿನ ಕೆಂಪು ಅದನ್ನು ಹೇಳಲಾರದು. ಇಷ್ಟನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡು, ಹತ್ತಿರದವರಿಗೂ ತಿಳಿಸಿದರೆ ಈ ಲೇಖನದ ಶ್ರಮ ಸಾರ್ಥಕವಾದಂತೆ.